ಹಬೆಯ ಕೊಳವೆ ಸೋರಿದಾಗ

ಕಾರವಾರ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯ ಹಳೆಯ ಅಕ್ಕಿ ಗಿರಣಿಗಳಲ್ಲಿ ಬಾಯ್ಲರಿನ ಮುಂದೆ ನಿಂತು ಕುಚ್ಚಲಕ್ಕಿಯ ಭತ್ತಕ್ಕೆ ಹಬೆ ಕೊಡುವವರನ್ನು ಕಣ್ಣೆದುರು ಇಟ್ಟುಕೊಂಡು ಮಾತಾಡುತ್ತಿದ್ದೇನೆ. ನಿಮಗೆ ಹೇಳಬೇಕಾದದ್ದು ಒಂದೇ: ಹಬೆಯ ಕೊಳವೆ ಸೋರಿದರೆ ಮೊದಲು ಒತ್ತಡ ಇಳಿಸಿ, ಪಾನಾ ಹಿಡಿಯುವುದು ಆಮೇಲೆ.

ಬೆಳ್ಳಗೆ ಕಾಣುವುದು ಹಬೆಯಲ್ಲ, ಆಗಲೇ ತಣಿದು ಹನಿಗಟ್ಟಿದ ನೀರು. ನಿಜವಾದ ಹಬೆ ಕಣ್ಣಿಗೆ ಬೀಳುವುದಿಲ್ಲ. ಸೋರುವ ಬಾಯಿಗೂ ಆ ಬಿಳಿ ಮೋಡಕ್ಕೂ ನಡುವೆ ಖಾಲಿಯಾಗಿ ತೋರುವ ನಾಲ್ಕು ಬೆರಳಿನ ಜಾಗದಲ್ಲೇ ಅದು ಇರುತ್ತದೆ. ಒಂದು ಗ್ರಾಂ ಹಬೆ ನೀರಾಗುವಾಗ ಬಿಟ್ಟುಕೊಡುವ ಸುಮಾರು 540 ಕ್ಯಾಲೊರಿ ಶಾಖವೇ ಭತ್ತವನ್ನು ಬೇಯಿಸುವುದು. ತಪ್ಪಿದರೆ ಕೈಯನ್ನು ಬೇಯಿಸುವುದೂ ಅದೇ.

ಹಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಗ್ಗೆ, ಕುಮಟಾ ಕಡೆಯ ಗಿರಣಿಯೊಂದರಿಂದ ನನಗೆ ಕರೆ ಬಂತು. ನೆನೆದ ಭತ್ತ ತೊಟ್ಟಿಯಲ್ಲಿತ್ತು, ಇನ್ನೂ ತಡವಾದರೆ ಹುಳಿ ವಾಸನೆ ಹತ್ತುತ್ತದೆಂದು ಮಾಲೀಕರಿಗೆ ಅವಸರ. ನಾನು ಹೋಗುವಷ್ಟರಲ್ಲಿ ಹುಡುಗನೊಬ್ಬ ಏಣಿ ಹತ್ತಿ, ಸುಯ್ಯೆನ್ನುತ್ತಿದ್ದ ಫ್ಲಾಂಜಿನ, ಅಂದರೆ ಎರಡು ಕೊಳವೆಗಳನ್ನು ಕೂಡಿಸುವ ಬಿಲ್ಲೆಯ, ಬೋಲ್ಟು ಬಿಗಿಯುತ್ತಿದ್ದ. ಇಳಿ ಎಂದೆ. ಇನ್ನೊಂದೇ ಸುತ್ತು ಎಂದ. ಗದರಿಸಿಯೇ ಇಳಿಸಬೇಕಾಯಿತು. ವಾಲ್ವ್ ಮುಚ್ಚಿಸಿ, ಡ್ರೈನ್ ತೆರೆದು, ಗೇಜಿನ ಮುಳ್ಳು ಸೊನ್ನೆಗಿಳಿದು ಕೊಳವೆ ಕೈಗೆ ತಣ್ಣಗೆ ಹತ್ತುವವರೆಗೆ ಕಾದೆವು. ಅಷ್ಟರಲ್ಲಿ ಎರಡು ಸಲ ಚಹಾ ಬಂತು. ಆಮೇಲೆ ಅದೇ ಬೋಲ್ಟಿಗೆ ಪಾನಾ ಹಾಕಿ ಅರ್ಧ ಸುತ್ತು ತಿರುಗಿಸಿದೆ, ಎರಡು ತುಂಡಾಗಿ ಕೈಗೆ ಬಂತು. ಕಡಲ ಉಪ್ಪುಗಾಳಿಗೆ ನಟ್ಟಿನ ಕೆಳಗೆ ತುಕ್ಕು ತಿಂದು ಪೆನ್ಸಿಲಿನಷ್ಟು ಸಣ್ಣಗಾಗಿತ್ತು. ಆ ತುಂಡನ್ನು ಹುಡುಗನ ಅಂಗೈಯಲ್ಲಿಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹಬೆ ತುಂಬಿರುವಾಗಲೇ ಅದು ಮುರಿದಿದ್ದರೆ ಅವನ ಮುಖ ಅದರ ಎದುರಿಗೇ ಇತ್ತು.

ಅಲ್ಲಿ ಫ್ಲಾಂಜಿನ ತಪ್ಪೇನೂ ಇರಲಿಲ್ಲ. ಕೊಳವೆಯ ಆಸರೆಯೊಂದು ಕಳಚಿ ನಡುಭಾಗ ಜೋತುಬಿದ್ದು, ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು. ಹಬೆ ಆ ನೀರನ್ನು ದೂಡಿಕೊಂಡು ಹೋಗಿ ಜೋಡಣೆಗೆ ಬಡಿಯುತ್ತಿತ್ತು. ದಿನಾ ಬೆಳಗ್ಗೆ ಢಣಢಣ ಸದ್ದು ಬರುತ್ತದೆಂದು ಅವರೇ ಹೇಳಿದರು. ಆಸರೆ ಎತ್ತಿಸಿ, ಹಬೆ ಸಾಗುವ ದಿಕ್ಕಿಗೆ ಕೊಳವೆಗೆ ಇಳಿಜಾರು ಕೊಟ್ಟು, ಕೊನೆಯಲ್ಲಿ ಹಬೆಯನ್ನು ತಡೆದು ನೀರನ್ನಷ್ಟೇ ಹೊರಬಿಡುವ ಸ್ಟೀಮ್ ಟ್ರ್ಯಾಪನ್ನು ತೊಳೆಸಿದೆವು. ಜೋಡಣೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಹೊಸದು ಹಾಕಿ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆವು. ಸದ್ದೂ ನಿಂತಿತು, ಸೋರಿಕೆಯೂ ನಿಂತಿತು.

ವೇಳೆ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 10 ಮೀಟರ್ ಉಕ್ಕಿನ ಕೊಳವೆ 100 ಡಿಗ್ರಿ ಬಿಸಿಯೇರಿದರೆ ಸುಮಾರು 12 ಮಿಲಿಮೀಟರ್ ಉದ್ದವಾಗುತ್ತದೆ. ಅದನ್ನು ಗೋಡೆಗೆ ಗಟ್ಟಿಯಾಗಿ ಕಟ್ಟಿಹಾಕಬೇಡಿ. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಉಸಿರಿಗೆ ಕೆಡುಕಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒಣಗಿದ್ದನ್ನು ಕೆರೆದು ಪುಡಿ ಹಾರಿಸಬೇಡಿ. ಕೊಳವೆಯಲ್ಲ, ಬಾಯ್ಲರೇ ಸೋರುತ್ತಿದ್ದರೆ ಬೆಂಕಿ ಆರಿಸಿ ಬಾಯ್ಲರ್ ಇಲಾಖೆಗೆ ತಿಳಿಸಿ. ಊರಿನ ವೆಲ್ಡಿಂಗ್ ಅಂಗಡಿಯವರನ್ನು ಕರೆಯಲೇಬೇಡಿ. ಕೊಳವೆಯಾದರೆ, ಮತ್ತೊಮ್ಮೆ ಹೇಳುತ್ತೇನೆ, ಮೊದಲು ಒತ್ತಡ ಇಳಿಸಿ. ದುರಸ್ತಿ ಮುಗಿದ ಮೇಲೂ ಡ್ರೈನ್ ತೆರೆದಿಟ್ಟು ವಾಲ್ವನ್ನು ಕಾಲು ಸುತ್ತಿನಷ್ಟೇ ತಿರುಗಿಸಿ, ತಣ್ಣೀರೆಲ್ಲ ಹೊರಬಿದ್ದು ಕೊಳವೆ ಕಾದ ಮೇಲೆ ಪೂರ್ತಿ ತೆರೆಯಿರಿ. ನಮಸ್ಕಾರ.