ಒಂದೇ ಕಂಪ್ಯೂಟರ್, ಎರಡು ಓಎಸ್: ನಮ್ಮನೆಯ ಗ್ರಬ್ ಮೆನು

ಇದು ನಮ್ಮನೆಯ ಕಂಪ್ಯೂಟರ್. ಅಪ್ಪ ಅಂಗಡಿ ಲೆಕ್ಕ ಬರೆಯುವುದು ವಿಂಡೋಸ್‌ನಲ್ಲಿ. ನನ್ನ ಕೆಲಸವೆಲ್ಲ ಡೆಬಿಯನ್ 12 ಅನ್ನೋ ಲಿನಕ್ಸ್‌ನಲ್ಲಿ. ಆನ್ ಮಾಡಿದ ತಕ್ಷಣ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಬೇಕು ಅಂತ ಕೇಳುವ ಈ ಗ್ರಬ್ ಮೆನು ಇಬ್ಬರಿಗೂ ಸೇರಿದ್ದು. ನಾನು ಊರಲ್ಲಿ ಇಲ್ಲದಿದ್ದರೂ ಅಪ್ಪನಿಗೆ ತೊಂದರೆ ಆಗಬಾರದು ಅಲ್ವಾ?

ಮೆನುವಿನಲ್ಲಿ ಈಗ ಬರೀ ಡೆಬಿಯನ್ ಕಾಣುತ್ತಿದೆ. ಗಾಬರಿ ಬೇಡ, ವಿಂಡೋಸ್ ಡಿಸ್ಕ್‌ನಲ್ಲಿ ಹಾಗೇ ಇದೆ. ಬೇರೆ ಓಎಸ್‌ಗಳನ್ನು ಹುಡುಕಿ ಮೆನುಗೆ ಸೇರಿಸುವುದು ಓಎಸ್-ಪ್ರೋಬರ್ ಎಂಬ ಪುಟ್ಟ ಪ್ರೋಗ್ರಾಂ. ಅದು ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದಿಂದ, ಡಿಸ್ಕ್‌ನ ಎಲ್ಲ ಪಾರ್ಟಿಷನ್‌ಗಳನ್ನೂ (ಭಾಗಗಳನ್ನೂ) ತೆರೆದು ನೋಡುತ್ತದೆ. ಅದರಿಂದ ಅಪಾಯ ಆಗಬಹುದು ಅಂತ 2021ರ ಗ್ರಬ್ 2.06ರಿಂದ ಅದನ್ನು ಆಫ್ ಮಾಡಿಯೇ ಕೊಡುತ್ತಾರೆ. ಒಳ್ಳೇ ನಿರ್ಧಾರವೇ. ಆದರೆ ಎರಡು ಓಎಸ್ ಇಟ್ಟುಕೊಂಡವರಿಗೆ ಅದು ಬೇಕೇ ಬೇಕು.

ಇಟಿಸಿ ಫೋಲ್ಡರ್, ಅದರೊಳಗೆ ಡಿಫಾಲ್ಟ್, ಅದರೊಳಗೆ ಗ್ರಬ್ ಅನ್ನೋ ಫೈಲ್. ಅದನ್ನು ಸುಡೋ ಹಾಕಿ, ಅಂದರೆ ಅದೇ ರೂಟ್ ಅಧಿಕಾರದಲ್ಲಿ, ತೆರೆಯಿರಿ. ‘ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್’ ಸಾಲಿನ ಮುಂದೆ ಒಂದು ಹ್ಯಾಶ್ ಇದೆ ನೋಡಿ. ಅದನ್ನಷ್ಟೇ ಅಳಿಸಿ. ಕೊನೆಯ ‘ಫಾಲ್ಸ್’ ಹಾಗೇ ಇರಲಿ.

ಮೆನು ಕಾಯುವ ಸಮಯ, ಟೈಮ್‌ಔಟ್, 5 ಸೆಕೆಂಡ್ ಇದೆ. ಅಪ್ಪ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮುಗಿದೇ ಹೋಗುತ್ತದೆ. 15 ಮಾಡುತ್ತೇನೆ.

ಇನ್ನು ‘ಗ್ರಬ್ ಡಿಫಾಲ್ಟ್’. ಜಾಸ್ತಿ ಜನ ಇದನ್ನು 0 ಅಂತಲೇ ಬಿಡುತ್ತಾರೆ. ಅಂದರೆ ಯಾರೂ ಏನೂ ಒತ್ತದಿದ್ದರೆ ಮೊದಲ ಸಾಲು, ಡೆಬಿಯನ್. ರಾತ್ರಿ ಅಪ್ಪ ವಿಂಡೋಸ್ ಅಪ್‌ಡೇಟ್ ಹಾಕಿ ಮಲಗಿದರು ಅಂದುಕೊಳ್ಳಿ. ಅದು ಮಧ್ಯದಲ್ಲಿ ತಾನೇ ರೀಸ್ಟಾರ್ಟ್ ಆಗುತ್ತದೆ. ಎದುರಿಗೆ ಯಾರೂ ಇಲ್ಲ. ಸೀದಾ ಡೆಬಿಯನ್ ತೆರೆದುಕೊಳ್ಳುತ್ತದೆ, ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ 0 ತೆಗೆದು ‘ಸೇವ್ಡ್’ ಅಂತ ಬರೆಯಿರಿ. ಕೆಳಗೆ ಹೊಸ ಸಾಲು: ‘ಗ್ರಬ್ ಸೇವ್‌ಡಿಫಾಲ್ಟ್’, ಬೆಲೆ ‘ಟ್ರೂ’. ಹೆಸರಲ್ಲಿ ಅಂಡರ್‌ಸ್ಕೋರ್ ಎಲ್ಲೆಲ್ಲಿದೆ ಅಂತ ಸ್ಕ್ರೀನ್ ನೋಡಿಕೊಂಡೇ ಟೈಪ್ ಮಾಡಿ. ಹಿಂದಿನ ಸಲ ಯಾವುದನ್ನು ಆರಿಸಿದ್ದರೋ ಮುಂದಿನ ಸಲವೂ ಅದೇ ಶುರುವಾಗುತ್ತದೆ. ನನಗೆ ತುಂಬಾ ಇಷ್ಟವಾದ ಸೆಟ್ಟಿಂಗ್ ಇದು.

ಒಂದು ಮಾತು, ಬೂಟ್ ಪಾರ್ಟಿಷನ್ ಬಿಟಿಆರ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್ ಆಗಿದ್ದರೆ ಗ್ರಬ್‌ಗೆ ಈ ನೆನಪು ಬರೆದಿಡೋಕೆ ಆಗಲ್ಲ. ನಮ್ಮದು ಇಎಕ್ಸ್‌ಟಿ4, ತೊಂದರೆ ಇಲ್ಲ.

ಫೈಲ್ ಸೇವ್ ಮಾಡಿ, ‘ಸುಡೋ ಅಪ್‌ಡೇಟ್-ಗ್ರಬ್’ ಕೊಡಿ. ಟರ್ಮಿನಲ್‌ನಲ್ಲಿ ನೋಡಿ, ‘ಫೌಂಡ್ ವಿಂಡೋಸ್ ಬೂಟ್ ಮ್ಯಾನೇಜರ್’ ಬಂತು! ಈ ಸಾಲು ಬಂದ ಮೇಲೆಯೇ ರೀಸ್ಟಾರ್ಟ್ ಮಾಡಿ.