ಬರಲ್ಲ ಅಂದ್ರೆ ಏನಾಗುತ್ತೆ?

ಅಧ್ಯಕ್ಷರೇ, ಯುವಕ ಸಂಘದ ಗೆಳೆಯರೇ, ಮೇಷ್ಟ್ರುಗಳೇ, ಮೇಡಂಗಳೇ, ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಯುವಜನರು ರಾಜಕೀಯದಿಂದ ದೂರವಿರಬೇಕೇ?’ ಅಂತ ಹಾಕಿದ್ದೀರಿ. ಹೌದು, ದೂರ ಇರಬೇಕು ಅಂತ ಹೇಳಿ, ಶಾಲು ಹೊದ್ದು, ಊಟ ಮಾಡಿ ಹೋಗುತ್ತಾರೆ ಅಂತ ನಂಬಿ ಕರೆದಿದ್ದರೆ ಕ್ಷಮಿಸಿ. ಊಟ ಮಾಡಿಯೇ ಹೋಗುತ್ತೇನೆ. ಆದರೆ ಆ ಮಾತು ಹೇಳುವುದಿಲ್ಲ. ಮಕ್ಕಳು ರಾಜಕೀಯ ತಿಳಿದುಕೊಳ್ಳಲಿ, ಪಕ್ಷದವರು ಮಕ್ಕಳ ತಂಟೆಗೆ ಬರದೇ ಇರಲಿ. ನನ್ನ ವಾದ ಇಷ್ಟೇ.

ಯುವಕ ಸಂಘಗಳ ಕಥೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಚಂದಾ ಎತ್ತಿ ಒಂದು ಕಬಡ್ಡಿ ಪಂದ್ಯ, ಒಂದು ಗಣಪತಿ, ಸಾಧ್ಯವಾದರೆ ಒಂದು ನಾಟಕ. ಒಂದು ವರ್ಷ ಯಾರೋ ಟಿಕೆಟ್ ಆಕಾಂಕ್ಷಿ ಬಂದು ಜೆರ್ಸಿ ಕೊಡಿಸುತ್ತಾರೆ. ಬೆನ್ನ ಮೇಲೆ ನಂಬರು, ಎದೆ ಮೇಲೆ ಅವರ ಹೆಸರು. ಈಚೆಗೆ ಒಂದು ಪಂದ್ಯಾವಳಿಯ ಫ್ಲೆಕ್ಸ್ ಮುಂದೆ ನಿಂತು ಪೂರ್ತಿ ಓದಿದೆ. ಮೇಲಿನ ಸಾಲಿನಲ್ಲಿ ದೊಡ್ಡ ಮುಖಗಳು. ನಡುವೆ ಕೈ ಮುಗಿದುಕೊಂಡು ಶುಭ ಕೋರುವವರು. ಕೆಳಗೆ ಅಂಚೆಚೀಟಿ ಗಾತ್ರದಲ್ಲಿ ಮರಿ ಮುಖಂಡರು. ಆಡುವ ಹುಡುಗರ ಫೋಟೋ ಒಂದೂ ಇಲ್ಲ. ‘ಕಬಡ್ಡಿ’ ಅನ್ನುವುದನ್ನೇ ಹುಡುಕಬೇಕಾಯಿತು.

ಮಾರನೇ ವರ್ಷ ಇನ್ನೊಂದು ಪಕ್ಷದವರು ಬರುತ್ತಾರೆ. ಅವರು ಜೆರ್ಸಿ ಜೊತೆಗೆ ಶೂ ಕೂಡ ಕೊಡಿಸುತ್ತಾರೆ. ಸಂಘ ಎರಡಾಗುತ್ತದೆ, ಗಣಪತಿಯೂ ಎರಡಾಗುತ್ತಾನೆ. ಪಾಪ, ಅವನನ್ನು ಯಾರೂ ಕೇಳುವುದಿಲ್ಲ. ಇಷ್ಟಕ್ಕೇ ನಿಂತರೆ ನಾನು ಸುಮ್ಮನಿರುತ್ತಿದ್ದೆ, ಯಾಕೆಂದರೆ ದುಡ್ಡು ಎಲ್ಲಿಂದಾದರೂ ಬರಲೇಬೇಕು. ತಂಟೆ ಆಮೇಲೆ ಶುರುವಾಗುತ್ತದೆ. ಬೈಕ್ ರ‍್ಯಾಲಿಗೆ ಬಾರದ ಹುಡುಗ ಮುಂದಿನ ಪಂದ್ಯದಲ್ಲಿ ಟೀಮಿನಲ್ಲಿ ಇರುವುದಿಲ್ಲ.

ಇದಕ್ಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಯುವಕರ ಸಂಘ ಇರಲಿ, ಶಾಲೆ ಇರಲಿ, ಶಿಬಿರ ಇರಲಿ. ಹುಡುಗನೋ ಹುಡುಗಿಯೋ ‘ನಾನು ಬರಲ್ಲ’ ಅಂದರೆ ಏನಾಗುತ್ತದೆ ಅಂತ ನೋಡಿ. ಏನೂ ಆಗುವುದಿಲ್ಲ ಅಂದರೆ ಅಲ್ಲಿ ನಡೆಯುತ್ತಿರುವುದು ಯಾವ ಬಣ್ಣದ್ದಾದರೂ ನನಗೆ ಭಯ ಇಲ್ಲ. ಹಾಜರಿ ಕಟ್ ಆಗುತ್ತದೆ, ಟೀಮಿಂದ ಹೆಸರು ಹೋಗುತ್ತದೆ, ‘ನೀನು ಆ ಕಡೆಯವನು’ ಅನ್ನುತ್ತಾರೆ ಅಂದರೆ, ಬಾವುಟ ಎಷ್ಟೇ ಚೆನ್ನಾಗಿರಲಿ, ಅದು ಮಕ್ಕಳ ಕೆಲಸ ಅಲ್ಲ. ಮಂತ್ರಿಗಳ ಕಾರ್ಯಕ್ರಮಕ್ಕೆ ಖುರ್ಚಿ ತುಂಬಿಸಲು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಾರಲ್ಲ ಕಾಲೇಜು ಮಕ್ಕಳನ್ನು, ಅಲ್ಲೂ ಇದೇ ಪರೀಕ್ಷೆ.

ಈಗ ನನಗೆ ಬಹಳ ಇಷ್ಟವಾದ ಒಂದು ಕಥೆ. ನನ್ನ ಜೊತೆ ಬಂದವರು ಇದನ್ನು ಎಷ್ಟೋ ಸಲ ಕೇಳಿದ್ದಾರೆ, ಅವರು ಬೇಕಿದ್ದರೆ ಟೀ ಕುಡಿದು ಬರಬಹುದು.

1942, ಸೆಪ್ಟೆಂಬರ್, ಕ್ವಿಟ್ ಇಂಡಿಯಾ ಚಳವಳಿಯ ಕಾಲ. ಶಿಕಾರಿಪುರ ತಾಲ್ಲೂಕಿನ ಈಸೂರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂದ ಊರು. ಇಲ್ಲಿ ಸರ್ಕಾರಿ ಅಧಿಕಾರಿಗಳು ಅಪ್ಪಣೆ ಇಲ್ಲದೆ ಬರಕೂಡದು ಅಂತ ಬೋರ್ಡ್ ಹಾಕಿದರು. ಕಂದಾಯ ಕೊಡಲ್ಲ ಅಂದರು. ತಮ್ಮದೇ ಸರ್ಕಾರ ಮಾಡಿಕೊಂಡರು. ಸರ್ಕಾರ ಅಂದ ಮೇಲೆ ಅಮಲ್ದಾರ, ಅಂದರೆ ಈಗಿನ ತಹಶೀಲ್ದಾರ ಬೇಕು, ಸಬ್ ಇನ್‌ಸ್ಪೆಕ್ಟರ್ ಬೇಕು. ಯಾರನ್ನು ಮಾಡಿದರು ಹೇಳಿ? ಊರಿನ ಇಬ್ಬರು ಹುಡುಗರನ್ನು! ಚಿಕ್ಕ ಹುಡುಗರಾದರೆ ಜೈಲಿಗೆ ಹಾಕುವುದಕ್ಕೆ ಆಗಲ್ಲ ಅನ್ನುವುದು ಹಿರಿಯರ ಲೆಕ್ಕಾಚಾರ ಆಗಿತ್ತು ಅಂತ ಹೇಳುತ್ತಾರೆ. ಲಾಯರಿಗೂ ಹೊಳೆಯದ ಉಪಾಯ. ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮೈಸೂರು ಮಹಾರಾಜರ ಸರ್ಕಾರದ ನಿಜವಾದ ಅಮಲ್ದಾರರು ಪೊಲೀಸರನ್ನು ಕರೆದುಕೊಂಡು ಊರಿಗೆ ಬರುತ್ತಾರೆ. ಈ ಊರಿನ ಅಮಲ್ದಾರನಿಗೆ ಇನ್ನೂ ಮೀಸೆ ಬಂದಿಲ್ಲ. ಬಂದವರಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಊರಿನವರ ಪಟ್ಟು.

ಇಲ್ಲಿವರೆಗೆ ನಗು ಬರುತ್ತದೆ. ಆಮೇಲೆ ಗಲಾಟೆಯಾಯಿತು, ಸರ್ಕಾರದ ಕಡೆಯ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. ಊರಿನ ಮೇಲೆ ಪಡೆ ಬಂತು. ಜನ ಕಾಡಿಗೆ ಓಡಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ.

ಈ ಕಥೆಯನ್ನು ನಾನು ಬರೀ ಹೆಮ್ಮೆಗೆ ಹೇಳುವುದಿಲ್ಲ. ಮಕ್ಕಳನ್ನು ಮುಂದೆ ನಿಲ್ಲಿಸುವ ಬುದ್ಧಿ ದೊಡ್ಡವರಿಗೆ ಆಗಲೂ ಇತ್ತು. 1930ರಲ್ಲಿ ಅಲಹಾಬಾದಿನಲ್ಲಿ ನೆಹರೂ ಮಗಳು ಇಂದಿರಾ ಕಟ್ಟಿದ ವಾನರ ಸೇನೆಯ ಮಕ್ಕಳೂ ಕಾಂಗ್ರೆಸ್ಸಿಗೆ ಸುದ್ದಿ ಮುಟ್ಟಿಸುತ್ತಿದ್ದರು, ಮಕ್ಕಳ ಮೇಲೆ ಪೊಲೀಸರಿಗೆ ಅನುಮಾನ ಬರಲ್ಲ ಅಂತ. 1942ರಲ್ಲಿ ಹುಬ್ಬಳ್ಳಿಯ ಹುಡುಗ ನಾರಾಯಣ ಡೋಣಿ ಗುಂಡಿಗೆ ಬಿದ್ದ. 1947ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ. ಅಲ್ಲಿ ಅವನ ಹೆಸರಿನ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವವರು ಎಷ್ಟು ಜನ ಆ ಹೆಸರು ಯಾರದ್ದು ಅಂತ ಯೋಚಿಸುತ್ತಾರೋ. ಇವರನ್ನು ನೆನೆಯದೆ ‘ಮಕ್ಕಳಿಗೆ ರಾಜಕೀಯ ಯಾಕೆ’ ಅನ್ನುವವರಿಗೆ ಸ್ವಾತಂತ್ರ್ಯ ದಿನದ ಭಾಷಣ ಮಾಡುವ ಹಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಈಸೂರಿನಲ್ಲಿ ಒಂದು ಮಾತು ಗಮನಿಸಿ. ಹುಡುಗರನ್ನು ಮುಂದೆ ನಿಲ್ಲಿಸಿದ ಊರಿನಲ್ಲಿ ನೇಣಿಗೆ ಕೊರಳು ಕೊಟ್ಟವರು ದೊಡ್ಡವರು. ಈಗ ಹೇಗಿದೆ? ಕಲ್ಲು ತೂರಿದ ಕೇಸು ಹುಡುಗನ ಮೇಲೆ, ಟಿಕೆಟ್ ನಾಯಕರಿಗೆ. ಮೆರವಣಿಗೆಯಲ್ಲಿ ಮುಂದೆ ನಿಂತು ಕೂಗಿದವನು ನಾಲ್ಕು ವರ್ಷ ವಾಯಿದೆಗೆ ಅಂತ ಕೋರ್ಟಿಗೆ ಅಲೆಯುತ್ತಾನೆ. ಕೆಲಸ ಸಿಕ್ಕಿತು ಅನ್ನುವಾಗ ಪೊಲೀಸ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳುತ್ತಾನೆ. ಹಿಂದೆ ನಿಂತು ಕೂಗಿಸಿದವರ ಮಗ ಅಷ್ಟರಲ್ಲಿ ಓದು ಮುಗಿಸಿ ವಿದೇಶದಿಂದ ವಾಪಸ್ ಬಂದಿರುತ್ತಾನೆ. ಈ ಸಭೆಯಲ್ಲಿ ಯಾರ ಕಡೆಯೂ ನೋಡದೆ ಹೇಳುತ್ತಿದ್ದೇನೆ. ನಗುತ್ತಿರುವವರಿಗೆ ಯಾರು ಅಂತ ಗೊತ್ತಾಗಿರಬೇಕು.

ಜರ್ಮನಿಯ ಉದಾಹರಣೆ ಎಲ್ಲರೂ ಕೊಡುತ್ತಾರೆ, ನಾನು ಒಂದೇ ನಿಮಿಷ ಕೊಡುತ್ತೇನೆ. ಹಿಟ್ಲರನ ಪಕ್ಷದ ಯುವಕ ಸಂಘ ಶುರುವಾದಾಗ ಹತ್ತಾರು ಸಂಘಗಳ ನಡುವೆ ಅದೂ ಒಂದು. 1933ರಲ್ಲಿ ಅಧಿಕಾರ ಸಿಕ್ಕ ಮೇಲೆ ಉಳಿದವನ್ನು ಮುಚ್ಚಿಸುತ್ತಾ, ನುಂಗುತ್ತಾ ಬಂದರು. 1936ರಲ್ಲಿ ದೇಶದ ಯುವಜನರೆಲ್ಲ ಅದರೊಳಗೆ ಅಂತ ಕಾನೂನು. 1939ರಲ್ಲಿ ಕಡ್ಡಾಯ. ಹಾಡು, ಶಿಬಿರ, ಚಾರಣ ಎಲ್ಲ ಇತ್ತು. ‘ಬರಲ್ಲ’ ಅನ್ನುವ ದಾರಿ ಒಂದು ಇರಲಿಲ್ಲ.

ಹಾಗಾದರೆ ರಾಜಕೀಯವೇ ಬೇಡ ಅಂದುಬಿಟ್ಟರೆ? ಅದೂ ಸುಳ್ಳೇ. ಬ್ರಿಟಿಷರ ಕಾಲದ ಸ್ಕೌಟ್ಸ್ ‘ನಮ್ಮದು ರಾಜಕೀಯ ಅಲ್ಲ’ ಅನ್ನುತ್ತಿತ್ತು. ಆದರೆ ದೇವರಿಗೆ ಮತ್ತು ದೊರೆಗೆ ನಿಷ್ಠೆ ಅಂತ ಮಕ್ಕಳಿಂದ ಪ್ರತಿಜ್ಞೆ ಮಾಡಿಸುತ್ತಿತ್ತು. ಮೊದಮೊದಲು ಭಾರತದ ಹುಡುಗರನ್ನು ಸೇರಿಸಿಕೊಳ್ಳುತ್ತಲೂ ಇರಲಿಲ್ಲ. ಅದಕ್ಕೇ ಆನಿ ಬೆಸೆಂಟ್ ಮದರಾಸಿನಲ್ಲಿ ಬೇರೆ ಸ್ಕೌಟ್ ಸಂಸ್ಥೆ ಕಟ್ಟಬೇಕಾಯಿತು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಲ್ಲಿಸಿ ಮೂರು ದಶಕದ ಮೇಲಾಯಿತು. ಪಕ್ಷಗಳು ಕಾಲೇಜು ಬಿಟ್ಟು ಹೋದವಾ? ಗೇಟಿನ ಹೊರಗೆ ಹೋಗಿ ನೋಡಿ. ಹೋಗಿದ್ದು ಓಟು ಮಾತ್ರ. 61ನೇ ತಿದ್ದುಪಡಿ ಆಗಿ, 1989ರಿಂದ 18 ತುಂಬಿದವರಿಗೆ ಮತದ ಹಕ್ಕು ಇದೆ. ಹದಿನೆಂಟು ತುಂಬುವ ಹಿಂದಿನ ದಿನದವರೆಗೂ ರಾಜಕೀಯ ಮಾತಾಡಬೇಡ, ಮಾರನೇ ದಿನ ಹೋಗಿ ಸರ್ಕಾರ ಆರಿಸು. ಇದು ಯಾವ ನ್ಯಾಯ?

ಶಾಲೆಗಳಲ್ಲಿ ಮಕ್ಕಳ ಸಂಸತ್ತು ಮಾಡುತ್ತೇವೆ, ಒಳ್ಳೆಯದು. ಮೊಬೈಲಿನಲ್ಲಿ ಓಟಿನ ಯಂತ್ರ, ಬೆರಳಿಗೆ ಶಾಯಿ, ಪ್ರಮಾಣ ವಚನ. ಆಮೇಲೆ? ನೀರಾವರಿ ಮಂತ್ರಿ ಗಿಡಕ್ಕೆ ನೀರು ಹಾಕುತ್ತಾನೆ. ಆರೋಗ್ಯ ಮಂತ್ರಿ ಕಸ ಗುಡಿಸುತ್ತಾಳೆ. ಒಂದು ಶಾಲೆಯಲ್ಲಿ ವಿರೋಧ ಪಕ್ಷದ ನಾಯಕಿ ಎದ್ದು, ಬಿಸಿಯೂಟದ ಸಾಲಿನಲ್ಲಿ ಏಳನೇ ಕ್ಲಾಸಿನವರೇ ಯಾಕೆ ದಿನಾ ಮೊದಲು ಅಂತ ಕೇಳಿದಳು. ಮೇಷ್ಟ್ರು ‘ಕೂತ್ಕೊಳಮ್ಮ, ಅದೆಲ್ಲ ಇಲ್ಲಿ ಬೇಡ’ ಅಂದರು. ಆ ಸಂಸತ್ತಿನಲ್ಲಿ ಅವತ್ತು ನಡೆದ ರಾಜಕೀಯ ಅಂದರೆ ಅವಳ ಪ್ರಶ್ನೆ ಒಂದೇ, ಅಲ್ವಾ? ಯಾವ ಪಕ್ಷವೂ ಹೇಳಿಕೊಟ್ಟಿದ್ದಲ್ಲ. ಮುಂದೆ ನಿಂತ ತಟ್ಟೆಗಳನ್ನು ನೋಡಿ ಅವಳಿಗೇ ಹೊಳೆದಿದ್ದು.

ಚೀಟಿ ಬಂತು. ‘ಐದು ನಿಮಿಷ’ ಅಂತ ಬರೆದಿದ್ದಾರೆ, ಕೆಳಗೆ ಎರಡು ಗೆರೆ ಬೇರೆ. ಸರಿ, ಉಳಿದದ್ದು ಬೇಗ ಹೇಳುತ್ತೇನೆ.

ಕಾಲೇಜು ಚುನಾವಣೆ ಹೇಗಿರಬೇಕು ಅಂತ ಹೇಳಲು ನೇಮಿಸಿದ್ದ ಲಿಂಗ್ಡೊ ಸಮಿತಿ. ವಿದ್ಯಾರ್ಥಿ ಚುನಾವಣೆ ಬೇಕು, ಪಕ್ಷಗಳ ಕೈ ಬೇಡ ಅಂದಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟಬಾರದು, 75 ಪರ್ಸೆಂಟ್ ಹಾಜರಿ ಇರಬೇಕು. 2006ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. ಚುನಾವಣೆ ಮತ್ತೆ ತರುತ್ತೇವೆ ಅನ್ನುವವರು ಮೊದಲು ಇದನ್ನು ಓದಲಿ.

ಚುನಾವಣಾ ಆಯೋಗ. ಪ್ರಚಾರಕ್ಕೆ ಮಕ್ಕಳನ್ನು ಬಳಸಬೇಡಿ ಅಂತ 2024ರ ಫೆಬ್ರವರಿಯಲ್ಲಿ ಕಟ್ಟುನಿಟ್ಟಾಗಿ ಹೇಳಿತು. ಘೋಷಣೆ ಕೂಗಿಸುವುದು, ಹಾಡಿಸುವುದು, ಎತ್ತಿಕೊಂಡು ಪ್ರಚಾರ ಮಾಡುವುದು ಯಾವುದೂ ಕೂಡದು. ಆಮೇಲೆ ಬಂದ ಲೋಕಸಭಾ ಚುನಾವಣೆಯ ಫೋಟೋಗಳು ನಿಮ್ಮ ಫೋನಿನಲ್ಲೇ ಇರುತ್ತವೆ, ತೆಗೆದು ನೋಡಿ.

ಮಕ್ಕಳ ಗ್ರಾಮಸಭೆ. ಇದಕ್ಕೆ ಅರ್ಧ ಗಂಟೆ ಇಟ್ಟುಕೊಂಡು ಬಂದಿದ್ದೆ, ಹೋಯಿತು. ಒಂದೇ ಮಾತು. ಅಲ್ಲಿ ಮಕ್ಕಳು ದೊಡ್ಡವರು ಬರೆದುಕೊಟ್ಟ ಚೀಟಿ ಓದುತ್ತಾರೆ, ಪಂಚಾಯಿತಿ ಅಧಿಕಾರಿ ಪಿಡಿಒ ‘ಕ್ರಿಯಾ ಯೋಜನೆಯಲ್ಲಿ ಸೇರಿಸ್ತೀವಿ’ ಅನ್ನುತ್ತಾರೆ, ಬಿಸ್ಕತ್ತು ಹಂಚುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಶೌಚಾಲಯದ ಬೇಡಿಕೆ, ಅದೇ ಚೀಟಿ. ಹೋದ ಸಲ ಕೇಳಿದ್ದು ಏನಾಯಿತು ಅನ್ನುವ ಉತ್ತರದಿಂದಲೇ ಸಭೆ ಶುರುವಾಗಲಿ. ಉತ್ತರ ಇಲ್ಲದಿದ್ದರೆ ಬಿಸ್ಕತ್ತೂ ಬೇಡ.

ಜೆರ್ಸಿ ವಿಷಯ ಸಂಘದವರು ಆಗಲೇ ಕೇಳಿದ್ದರು. ತಗೊಳ್ಳಿ, ಹೆಸರು ಹಾಕಿಸಬೇಡಿ. ಹೆಸರಿಲ್ಲದಿದ್ದರೆ ಕೊಡಲ್ಲ ಅಂದರೆ ಹಳೇ ಬನಿಯನ್ನಿನಲ್ಲೇ ಆಡಿ.

ಈಗ ಪ್ರಶ್ನೆಗಳು. ಹಿರಿಯರು ಸ್ವಲ್ಪ ಕಾಯಬೇಕು. ಮೈಕನ್ನು ಮೊದಲು ಹಿಂದಿನ ಸಾಲಿನ ಹೈಸ್ಕೂಲ್ ಮಕ್ಕಳಿಗೆ ಕೊಡಿ. ಮೇಷ್ಟ್ರೇ, ನೀವು ಅವರಿಗೆ ಪ್ರಶ್ನೆ ಬರೆದುಕೊಟ್ಟಿದ್ದರೆ ದಯವಿಟ್ಟು ವಾಪಸ್ ತಗೊಳ್ಳಿ. ಕೇಳಲ್ಲ ಅನ್ನುವವರು ಕೇಳಬೇಕಾಗಿಲ್ಲ, ಊಟಕ್ಕೆ ಹೋಗಬಹುದು.