ದಿನ ತುಂಬುವ ಮೊದಲೇ ಬೇನೆ ಬಂದರೆ

ಕೇಳುಗರಿಗೆ ನಮಸ್ಕಾರ.

"ಏಳರಲ್ಲಿ ಹುಟ್ಟಿದ ಕೂಸು ಉಳಿಯುತ್ತೆ, ಎಂಟರಲ್ಲಿ ಹುಟ್ಟಿದ್ದು ಉಳಿಯಲ್ಲ." ಹೆರಿಗೆ ವಾರ್ಡಿನ ಹೊರಗೆ ಕೂತ ಅಜ್ಜಿಯರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ಅದು ನಿಜವಲ್ಲ. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಬಲವೇ.

ಮೂವತ್ತು ವಾರಕ್ಕೇ ಹುಟ್ಟಿದ ಕೂಸು ಉಸಿರಿಗೆ ಒದ್ದಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಉಸಿರೆಳೆದಾಗೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಉಸಿರು ಬಿಡುವಾಗ ಸಣ್ಣಗೆ ನರಳುತ್ತದೆ. ಒದ್ದೆಯಾದ ಪ್ಲಾಸ್ಟಿಕ್ ಕವರಿನ ಬಾಯಿ ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ! ಆ ಕೂಸಿನ ಶ್ವಾಸಕೋಶದ ಗಾಳಿಚೀಲಗಳೂ ಹಾಗೆಯೇ ಅಂಟಿಕೊಳ್ಳುತ್ತವೆ. ಹಾಗೆ ಅಂಟದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಪದಾರ್ಥ ಅದರಲ್ಲಿ ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ ಹುಟ್ಟಿದ 39 ಗಂಟೆಗೇ ತೀರಿಕೊಂಡ. ಅಧ್ಯಕ್ಷರ ಮನೆಯ ಕೂಸಿಗೂ ಆಗ ಮದ್ದಿರಲಿಲ್ಲ.

ದಾರಿ ತೋರಿಸಿದ್ದು ನ್ಯೂಜಿಲೆಂಡಿನ ಕುರಿಮರಿಗಳು. ಹೆರಿಗೆ ಹೇಗೆ ಶುರುವಾಗುತ್ತದೆಂದು ಹುಡುಕುತ್ತಿದ್ದ ಆಕ್ಲೆಂಡಿನ ವೈದ್ಯ ಗ್ರಹಾಂ ಲಿಗ್ಗಿನ್ಸ್, ಹೊಟ್ಟೆಯೊಳಗಿನ ಮರಿಗಳಿಗೆ ಸ್ಟೀರಾಯ್ಡ್ ಕೊಟ್ಟಿದ್ದರು. ಉಸಿರಾಡಲಾರದಷ್ಟು ಮುಂಚೆ ಹುಟ್ಟಿದ ಮರಿ ಉಸಿರಾಡಿತು! ಮಕ್ಕಳ ವೈದ್ಯ ರಾಸ್ ಹೋವಿ ಅವರೊಂದಿಗೆ, ದಿನ ತುಂಬುವ ಮೊದಲೇ ಹೆರುವಂತಿದ್ದ 282 ತಾಯಂದಿರಲ್ಲಿ ಇದನ್ನು ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧಿ ಸಿಗದ ಗುಂಪಿನಲ್ಲಿ ಮೊದಲ ವಾರದೊಳಗೆ ನೂರಕ್ಕೆ 15 ಕೂಸುಗಳು ತೀರಿಕೊಂಡಿದ್ದರೆ, ಸಿಕ್ಕ ಗುಂಪಿನಲ್ಲಿ ಸುಮಾರು 3.

ಸ್ಟೀರಾಯ್ಡ್ ಎಂದೊಡನೆ ಮನೆಯವರು ಹೆದರುತ್ತಾರೆ. ಮೈ ಬೆಳೆಸಲು ಕೆಲವರು ತೆಗೆದುಕೊಳ್ಳುವ ಸ್ಟೀರಾಯ್ಡೇ ಬೇರೆ, ಇದೇ ಬೇರೆ. ನಮ್ಮಲ್ಲಿ ತಾಯಿಗೆ ಕೊಡುವುದು ಡೆಕ್ಸಾಮೆಥಾಸೋನ್: 6 ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ, ನಾಲ್ಕು ಚುಚ್ಚುಮದ್ದು. ಬೆಲೆ ತೀರಾ ಕಡಿಮೆ.

ಆದರೆ ಸಿಕ್ಕಸಿಕ್ಕವರಿಗೆಲ್ಲ ಕೊಡುವ ಮದ್ದಲ್ಲ ಇದು. ನಮ್ಮ ಬೆಳಗಾವಿಯೂ ಸೇರಿದ್ದ ಆರು ದೇಶಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹಳ್ಳಿಗಾಡಿನಲ್ಲಿ ಇದರ ಬಳಕೆ ಹೆಚ್ಚಿಸಿದಾಗ ಸಣ್ಣ ಕೂಸುಗಳ ಸಾವು ಇಳಿಯಲಿಲ್ಲ, ಒಟ್ಟು ಶಿಶುಮರಣ ಕೊಂಚ ಏರಿತು. ಚುಚ್ಚುಮದ್ದು ಪಡೆದ ಎಷ್ಟೋ ತಾಯಂದಿರು ದಿನ ತುಂಬಿಯೇ ಹೆತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಐದು ದೇಶಗಳಲ್ಲಿ ಪರೀಕ್ಷೆ ನಡೆಸಿತು. ಬೆಳಗಾವಿ ಅದರಲ್ಲೂ ಇತ್ತು. ಈ ಸಲ ಸ್ಕ್ಯಾನ್‌ನಿಂದ ವಾರಗಳನ್ನು ಖಚಿತಪಡಿಸಿಕೊಂಡು, ನವಜಾತ ಶಿಶುಗಳ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಮಾತ್ರ ಕೊಟ್ಟರು. 2020ರ ಫಲಿತಾಂಶದಲ್ಲಿ ಶಿಶುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಮದ್ದು ಅದೇ. ಬದಲಾದದ್ದು ವಾರಗಳ ಲೆಕ್ಕ, ಕೊಟ್ಟ ಜಾಗ.

ಆ ಲೆಕ್ಕ ಸಿಗುವುದು ತಾಯಿ ಕಾರ್ಡಿನಲ್ಲಿ. ರಾತ್ರಿ ಹನ್ನೊಂದಕ್ಕೆ ಬೇನೆ ತಿನ್ನುತ್ತಾ ಬಂದ ಹುಡುಗಿಯನ್ನು "ಕೊನೇ ಮುಟ್ಟು ಯಾವಾಗ ತಾಯಿ?" ಎಂದು ಕೇಳಿದರೆ, ಜೊತೆಗೆ ಬಂದ ಅತ್ತೆ "ಯುಗಾದಿ ಆಸುಪಾಸು" ಎನ್ನುತ್ತಾರೆ. ಅದರ ಮೇಲೆ ನಾನು ಹೇಗೆ ತೀರ್ಮಾನ ಮಾಡಲಿ? ಮುಟ್ಟು ತಪ್ಪಿದೊಡನೆ, ಕೊನೇ ಮುಟ್ಟು ಶುರುವಾದ ದಿನಾಂಕ ಬರೆದಿಡಿ. ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡಿಸಿ.

ದಿನ ತುಂಬುವ ಮುಂಚೆ ಹೊಟ್ಟೆ ಬಿಟ್ಟುಬಿಟ್ಟು ಗಟ್ಟಿಯಾದರೆ, ನೀರು ಹೋದರೆ, ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಈ ಮದ್ದು ಚೆನ್ನಾಗಿ ಹಿಡಿಯಲು ಒಂದು ದಿನ ಬೇಕು. 108ಕ್ಕೆ ಕರೆ ಮಾಡಿ. ಹೊರಡುವಾಗ ತಾಯಿ ಕಾರ್ಡ್ ಚೀಲದಲ್ಲಿರಲಿ.

ನಮಸ್ಕಾರ.